ಬಾಗಿಲು ಬೆಂಗಳೂರಿನದು, ಕತ್ತರಿ ಪರರದು

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಮುಗಿಯುವುದೂ ಕಾತ್ರಜ್ ಕಡೆಯ ಬೈಪಾಸ್ ಶುರುವಾಗುವುದೂ ದೇಹೂ ರೋಡ್ ಆಸುಪಾಸಿನಲ್ಲೇ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ಲಾರಿಗಳು ಇಲ್ಲಿ ದಾರಿ ಹಿಡಿಯುತ್ತವೆ. ಎದುರು ದಿಕ್ಕಿನಲ್ಲಿ, ಪಿಂಪ್ರಿ–ಚಿಂಚವಾಡದ ಕಾರ್ಖಾನೆಗಳ ಮಾಲು ಹೊತ್ತು ಮುಂಬೈ ವಿಮಾನ ನಿಲ್ದಾಣಕ್ಕೆ ಓಡುವ ಲಾರಿಗಳು. ಪುಣೆಗೆ ವಿಮಾನ ನಿಲ್ದಾಣ ಇಲ್ಲವೆಂದಲ್ಲ. ಆದರೆ ಲೋಹೆಗಾಂವ್‌ನಲ್ಲಿರುವುದು ವಾಯುಪಡೆಯ ನೆಲೆ. ನಾಗರಿಕ ವಿಮಾನಗಳು ಅಲ್ಲಿ ಬಾಡಿಗೆದಾರರು. ಆಕಾಶ ಏರಬೇಕಾದ ಪೆಟ್ಟಿಗೆ ಮೊದಲು ಖಂಡಾಳ ಘಾಟ್ ಇಳಿಯಬೇಕು.

2021ರ ಜನವರಿ 12ರಂದು ಸೀರಂ ಇನ್‌ಸ್ಟಿಟ್ಯೂಟ್‌ನ ಕೋವಿಶೀಲ್ಡ್ ಲಸಿಕೆಯ ಮೊದಲ ಪೆಟ್ಟಿಗೆಗಳು ಅದೇ ಲೋಹೆಗಾಂವ್‌ನಿಂದ 13 ನಗರಗಳಿಗೆ ಹಾರಿದವು. ಹೊತ್ತೊಯ್ದದ್ದು ಏರ್ ಇಂಡಿಯಾ, ಇಂಡಿಗೊ, ಸ್ಪೈಸ್‌ಜೆಟ್, ಗೋಏರ್. ಎಲ್ಲವೂ ಜನರನ್ನು ಸಾಗಿಸುವ ಕಂಪನಿಗಳೇ. ಸರಕಿಗೆಂದೇ ಇರುವ ವಿಮಾನ ಈ ದೇಶದಲ್ಲಿ ಎಷ್ಟು ಕಡಿಮೆ ಎಂಬುದು ಆ ಎರಡು ವರ್ಷಗಳಲ್ಲಿ ಎಲ್ಲರಿಗೂ ಅರಿವಾಯಿತು. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಮದ್ದು: ಹಳೆಯ ಪ್ರಯಾಣಿಕ ವಿಮಾನಗಳನ್ನು ಸರಕು ವಿಮಾನ ಮಾಡುವುದು.

ಮದ್ದು ಒಳ್ಳೆಯದೇ. ಸರಕು ವಿಮಾನ ಹೆಚ್ಚಾಗಿ ರಾತ್ರಿ ಹಾರುತ್ತದೆ, ದಿನಕ್ಕೆ ಕೆಲವೇ ಗಂಟೆ. ಅಷ್ಟಕ್ಕೆ ಹೊಸ ವಿಮಾನದ ಸಾಲ ಹೊರುವುದು ಯಾರಿಗೂ ಗಿಟ್ಟದು. ಹದಿನೈದಿಪ್ಪತ್ತು ವರ್ಷ ದುಡಿದ ಬೋಯಿಂಗ್ 737ನ ಸೀಟು ಕಿತ್ತು, ಕಿಟಕಿ ಮುಚ್ಚಿ, ನೆಲದ ತೊಲೆಗಳನ್ನು ಬಲಪಡಿಸಿ, ರೆಕ್ಕೆಯ ಮುಂದೆ ಎಡಬದಿಯಲ್ಲಿ ಸುಮಾರು ಹನ್ನೊಂದೂವರೆ ಅಡಿ ಅಗಲ, ಏಳಡಿ ಎತ್ತರದ ಬಾಗಿಲು ಕೊರೆದರೆ ಅದು ಸುಮಾರು 23 ಟನ್ ಹೊರುತ್ತದೆ. ಮೂರು–ನಾಲ್ಕು ತಿಂಗಳ ಕೆಲಸ. ಕಷ್ಟವಿರುವುದು ಕೊರೆಯುವುದರಲ್ಲಲ್ಲ. ಮೈ ಒತ್ತಡದಲ್ಲಿ ಹಿಗ್ಗಿ ಕುಗ್ಗುವ ಕೊಳವೆಯಲ್ಲಿ ಅಷ್ಟು ದೊಡ್ಡ ತೂತು ಬಿದ್ದ ಮೇಲೆ ಭಾರ ಯಾವ ಯಾವ ದಾರಿಯಲ್ಲಿ ಹರಿಯುತ್ತದೆ, ಎಷ್ಟು ಸಾವಿರ ಹಾರಾಟಕ್ಕೆ ಎಲ್ಲಿ ಬಿರುಕು ಬರುತ್ತದೆ ಎಂಬುದನ್ನು ಲೆಕ್ಕ ಹಾಕಿ, ಪರೀಕ್ಷಿಸಿ, ನಿಯಂತ್ರಕರ ಮುಂದೆ ರುಜುವಾತು ಮಾಡಬೇಕು. ಹಾಗೆ ಗೆದ್ದ ಕಾಗದಕ್ಕೆ ಪೂರಕ ಮಾದರಿ ಪ್ರಮಾಣಪತ್ರ, ಚಿಕ್ಕದಾಗಿ ಎಸ್‌ಟಿಸಿ, ಎನ್ನುತ್ತಾರೆ. ಈ ದಂಧೆಯ ನಿಜವಾದ ಆಸ್ತಿ ಅದು. ಉಳಿದದ್ದು ಕೂಲಿ.

ಆ ಆಸ್ತಿ ಯಾರ ಹತ್ತಿರ ಇದೆ? ಬೋಯಿಂಗ್, ಇಸ್ರೇಲ್ ಏರೋಸ್ಪೇಸ್, ಮಯಾಮಿಯ ಎಇಐ, ಏರ್‌ಬಸ್ ವಿಮಾನಗಳಿಗೆ ಡ್ರೆಸ್ಡೆನ್‌ನ ಇಎಫ್‌ಡಬ್ಲ್ಯೂ. 2022ರಲ್ಲಿ ಇಂಡಿಗೊ ತಂದ ಎ321 ಸರಕು ವಿಮಾನ ಹೊರದೇಶದಲ್ಲಿ ಮೈ ಕೊಯ್ಸಿಕೊಂಡು ಬಂದದ್ದು. ಇಲ್ಲಿನ ಘೋಷಣೆಗಳನ್ನು ನೋಡಿ. 2022ರ ಏಪ್ರಿಲ್‌ನಲ್ಲಿ ಎಚ್‌ಎಎಲ್ ಇಸ್ರೇಲ್ ಏರೋಸ್ಪೇಸ್ ಜೊತೆ ಒಡಂಬಡಿಕೆ ಮಾಡಿಕೊಂಡಿತು: ಪ್ರಯಾಣಿಕ ವಿಮಾನವನ್ನು ಇಂಧನ ತುಂಬುವ ಟ್ಯಾಂಕರ್ ಮಾಡುವುದು, ಜೊತೆಗೆ ಸರಕು ವಿಮಾನವನ್ನೂ. 2023ರ ಮಾರ್ಚ್‌ನಲ್ಲಿ ಬೋಯಿಂಗ್ ಮತ್ತು ಜಿಎಂಆರ್ ಏರೋ ಟೆಕ್ನಿಕ್ ಹೈದರಾಬಾದ್‌ನಲ್ಲಿ 737 ಪರಿವರ್ತನೆಯ ಘಟಕ ತೆರೆಯುತ್ತೇವೆ ಎಂದವು. ಎರಡೂ ಸಲ ಸ್ವಾವಲಂಬನೆಯ ಮಾತಿನ ಸುರಿಮಳೆ. ಎರಡರಲ್ಲೂ ನಕ್ಷೆ ಅವರದು, ಕಿಟ್ ಅವರದು, ಎಸ್‌ಟಿಸಿ ಅವರದು. ಹ್ಯಾಂಗರ್ ಮತ್ತು ಕೈ ಮಾತ್ರ ನಮ್ಮವು.

ಕೈಕೆಲಸಕ್ಕೆ ಏನು ಕೊರತೆ, ಉದ್ಯೋಗ ಸಿಕ್ಕರೆ ಸಾಲದೇ ಎನ್ನುವವರಿದ್ದಾರೆ. ಅವರಿಗೆ ಮಾರುಕಟ್ಟೆಯೇ ಉತ್ತರ ಕೊಟ್ಟಿದೆ. ಕೋವಿಡ್ ಕಾಲದಲ್ಲಿ ಬಾಡಿಗೆ ಗಗನಕ್ಕೇರಿದಾಗ ಬೋಯಿಂಗ್ ಕೋಸ್ಟರಿಕಾ, ಬ್ರಿಟನ್, ಕೆನಡಾ ಎಂದು ಒಂದರ ಹಿಂದೊಂದು ಘಟಕ ಘೋಷಿಸಿತು. 2023ರ ಹೊತ್ತಿಗೆ ಬಾಡಿಗೆ ಇಳಿಯಿತು. ಹೊಸ ವಿಮಾನಗಳು ತಡವಾದ್ದರಿಂದ ಹಳೆಯವೂ ಜನರನ್ನು ಹೊತ್ತೇ ಹಾರತೊಡಗಿದವು. ಹೈದರಾಬಾದ್ ಆ ಸಾಲಿನ ಬಾಲ. ಕೆಲಸ ಕಡಿಮೆಯಾದಾಗ ಯಾವ ಹ್ಯಾಂಗರ್‌ಗೆ ವಿಮಾನ, ಯಾವುದಕ್ಕೆ ಬೀಗ ಎಂಬುದನ್ನು ಕಾಗದ ಇಟ್ಟುಕೊಂಡವನು ತೀರ್ಮಾನಿಸುತ್ತಾನೆ.

ಅಣಕವೆಂದರೆ, ಬಾಗಿಲು ಮಾಡಲು ಬಾರದ ಊರಲ್ಲ ಬೆಂಗಳೂರು. 1980ರ ದಶಕದ ಕೊನೆಯಿಂದ ಎಚ್‌ಎಎಲ್ ಏರ್‌ಬಸ್ ಎ320ರ ಮುಂಬಾಗಿಲುಗಳನ್ನು ಮಾಡಿ ಕಳಿಸುತ್ತಿದೆ. ಎ220ರ ಬಾಗಿಲುಗಳ ಗುತ್ತಿಗೆ 2024ರಲ್ಲಿ ಬೆಂಗಳೂರಿನದೇ ಡೈನಾಮ್ಯಾಟಿಕ್‌ಗೆ ಸಿಕ್ಕಿತು. ಇನ್ನೂ ಹಿಂದೆ, 1970ರ ದಶಕದಲ್ಲಿ, ಎಚ್‌ಎಎಲ್‌ನ ಕಾನ್ಪುರ ಘಟಕ ಆವ್ರೊ ವಿಮಾನಕ್ಕೆ ದೊಡ್ಡ ಸರಕು ಬಾಗಿಲು ಕೂರಿಸಿ ವಾಯುಪಡೆಗೆ ಕೊಟ್ಟಿತ್ತು. ಅಂಥದೇ ಕೆಲಸ, ಅರ್ಧ ಶತಮಾನ ಮೊದಲು! ಆ ಆವ್ರೊಗಳ ಜಾಗಕ್ಕೆ 56 ಸಿ-295 ವಿಮಾನಗಳ ಒಪ್ಪಂದ 2021ರಲ್ಲಿ ಸ್ಪೇನ್ ಜೊತೆ ಆಯಿತು. ಕಲಿತದ್ದನ್ನು ಕಾಗದವಾಗಿಸಿ ಇಟ್ಟುಕೊಳ್ಳುವ ಹಟ ಮಾತ್ರ ಯಾರಿಗೂ ಬರಲಿಲ್ಲ. ದೇವನಹಳ್ಳಿಯಲ್ಲಿ ಬೋಯಿಂಗ್ ತನ್ನ 43 ಎಕರೆ ಆವರಣವನ್ನು 2024ರ ಜನವರಿಯಲ್ಲಿ ತೆರೆದಾಗ ಸಂಭ್ರಮಿಸಿದವರು, ಒಳಗೆ ಕೂತು ಲೆಕ್ಕ ಹಾಕುವ ಹುಡುಗ–ಹುಡುಗಿಯರ ಲೆಕ್ಕ ಯಾರ ಹೆಸರಿನ ಪ್ರಮಾಣಪತ್ರ ಸೇರುತ್ತದೆ ಎಂದು ಕೇಳಲಿಲ್ಲ.

ಎಸ್‌ಟಿಸಿ ಸುಲಭವೇನಲ್ಲ. ಇಸ್ರೇಲ್ ಏರೋಸ್ಪೇಸ್‌ನಂಥ ಪಳಗಿದ ಸಂಸ್ಥೆ 2019ರಲ್ಲಿ ಸಾರಿದ 777 ಪರಿವರ್ತನೆಗೆ ಅಮೆರಿಕದ ಒಪ್ಪಿಗೆ ಸಿಗಲು 2025 ಬಂತು. ಹೀಗಿರುವಾಗ ಎಚ್‌ಎಎಲ್ ನೇರವಾಗಿ ಬೋಯಿಂಗ್‌ಗೆ ಕೈ ಹಾಕಲಿ ಎಂದರೆ ಅದು ಬಡಾಯಿ. ಆದರೆ ಮಾರುಕಟ್ಟೆ ಮಲಗಿರುವಾಗಲೇ ಈ ಕೆಲಸ ಶುರುವಾಗಬೇಕು. ಅದು ಎದ್ದ ಮೇಲೆ ಅರ್ಜಿ ಹಾಕಿದರೆ ಪ್ರಮಾಣಪತ್ರ ಕೈಗೆ ಬರುವುದು ಮತ್ತೆ ಮಲಗುವ ಹೊತ್ತಿಗೆ. ಸಣ್ಣದರಿಂದ ಹಿಡಿಯಬಹುದು. ಇಂಡಿಗೊ ಮತ್ತು ಅಲಯನ್ಸ್ ಏರ್ ಓಡಿಸುವ ಎಟಿಆರ್ 72 ವಿಮಾನಗಳಿವೆ. ಎಪ್ಪತ್ತು ಸೀಟಿನ ಟರ್ಬೊಪ್ರಾಪ್, ಚಿಕ್ಕ ರನ್‌ವೇ ಸಾಕು. ಜಗತ್ತಿನ ಬೇರೆಡೆ ಅದನ್ನು ಸರಕಿಗೆ ಬದಲಿಸಿ ದಶಕಗಳಾದವು. ಎಚ್‌ಎಎಲ್‌ನ ಹ್ಯಾಂಗರ್, ಎನ್‌ಎಎಲ್‌ನ ಪ್ರಯೋಗಶಾಲೆ, ಡಿಜಿಸಿಎ ಮೂರೂ ಕೂತು ಒಂದು ಎಟಿಆರ್‌ಗೆ ಒಂದು ಬಾಗಿಲನ್ನು ತಮ್ಮದೇ ಲೆಕ್ಕದಲ್ಲಿ ರುಜುವಾತು ಮಾಡಲಿ. ಇಸ್ರೇಲ್ ಜೊತೆಗಿನ ಟ್ಯಾಂಕರ್ ಮಾತುಕತೆಯಲ್ಲಿ ವಿನ್ಯಾಸದ ಲೆಕ್ಕಪತ್ರ ನೋಡುವ ಹಕ್ಕನ್ನೂ ಷರತ್ತಾಗಿ ಬರೆಸಲಿ. ಅಂಥ ಎಟಿಆರ್ ಹುಬ್ಬಳ್ಳಿಯಲ್ಲೂ ಕಲಬುರಗಿಯಲ್ಲೂ ಕೊಲ್ಹಾಪುರದಲ್ಲೂ ಇಳಿಯಬಲ್ಲದು.