ಅಬ್ಬಿಯ ಚಿತ್ರ, ಬೇಸಿಗೆಯ ನೀರು

ಶ್ರಾವಣ ಹಿಡಿಯುತ್ತಿದ್ದಂತೆ ಶಿರಸಿ-ಸಿದ್ದಾಪುರದ ಕಾಡುದಾರಿಗಳಲ್ಲಿ ಗೆಳೆಯರ ಗುಂಪುಗಳು ಕಾಣತೊಡಗುತ್ತವೆ. ಬೆನ್ನಿಗೆ ಬುತ್ತಿಯ ಚೀಲ, ಉಂಬಳಕ್ಕೆಂದು ಸುಣ್ಣ-ತಂಬಾಕು, ಕೊರಳಲ್ಲಿ ಕ್ಯಾಮೆರಾ ಇಲ್ಲವೇ ಕೈಯಲ್ಲಿ ಮೊಬೈಲು. ಹೆಗ್ಗರಣೆಯಿಂದ ಮುಂದೆ ಕಾಡಿನೊಳಗೆ ಸಾಗಿದರೆ ಅಘನಾಶಿನಿಯ ಉಂಚಳ್ಳಿ ಜಲಪಾತ. 116 ಮೀಟರ್ ಎತ್ತರದಿಂದ ಧುಮುಕುವ ನೀರಿನ ಆರ್ಭಟಕ್ಕೆ ಕಿವಿ ಕೆಪ್ಪಾಗುವುದರಿಂದ ಸುತ್ತಲ ಜನ ಅದನ್ನು 'ಕೆಪ್ಪ ಜೋಗ' ಎಂದು ಕರೆದರು. ದಿನವಿಡೀ ನಡೆದ ತರುಣರು ನೂರಾರು ಚಿತ್ರ ತೆಗೆದು ಸಂಜೆಗೆ ಮರಳುತ್ತಾರೆ. ಒಳ್ಳೆಯದೇ, ಕಾಡಿನ ಪರಿಚಯ ಕಾಲ್ನಡಿಗೆಯಿಂದಲೇ ಆಗಬೇಕು. ಜಾರುಬಂಡೆಯ ಅಂಚಿಗೆ ಹೋಗಿ ನಿಲ್ಲುವ ಹುಚ್ಚೊಂದು ಬೇಡ.

ಆದರೆ ಆ ಚಿತ್ರಗಳಲ್ಲಿರುವುದು ಮಳೆ ಕೊಟ್ಟ ನೀರು. ಕಾಡು ಕೊಡುವ ನೀರು ಕಣ್ಣಿಗೆ ಬೀಳುವುದು ಮಳೆ ನಿಂತು ನಾಲ್ಕೈದು ತಿಂಗಳಾದ ಮೇಲೆ. ದರಕಿನ ಹಾಸು, ಬೇರಿನ ಜಾಲ, ಎರೆಹುಳು ಸಡಿಲಿಸಿದ ಮಣ್ಣು ಇವೆಲ್ಲ ಹೀರಿಕೊಂಡದ್ದು ಒರತೆಯಾಗಿ ಇಳಿದುಬರುವ ಕಾಲ ಅದು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿ ಮರದ ಬೇರುಗಳು ಉಸಿರಾಡಲೆಂದು ಮಡಿಸಿದ ಮಂಡಿಯಂತೆ ಕೆಸರಿನಿಂದ ಮೇಲೆದ್ದಿರುತ್ತವೆ. ತನ್ನ ಮೊಟ್ಟೆಗಳಿಗೆ ಕೈಯಾರೆ ಮಣ್ಣು ಮೆತ್ತುವ ಕುಂಬಾರ ಕಪ್ಪೆ ವಿಜ್ಞಾನಕ್ಕೆ ಪರಿಚಯವಾದದ್ದು 2014ರಲ್ಲಿ, ಇದೇ ಸೀಮೆಯ ಹಳ್ಳಗಳಿಂದ. ಜಲಪಾತಕ್ಕೆ ಧಾವಿಸುವವರು ದಾಟಿಹೋಗುವುದು ಇಂಥ ಹಳ್ಳಗಳನ್ನೇ.

ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಜೋಗದಲ್ಲಿ ಬೇಸಿಗೆಗೆ ಕಾಣುವುದು ಹೆಚ್ಚಾಗಿ ಬಂಡೆಯೇ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅದರ ಕಣಿವೆ 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲಾಯಿತು. ಅಳಿವೆ 2024ರಲ್ಲಿ ರಾಮ್‌ಸಾರ್ ಪಟ್ಟಿ ಸೇರಿತು. ಆದರೂ ಅಘನಾಶಿನಿ, ಬೇಡ್ತಿಗಳ ನೀರನ್ನು ಬಯಲುಸೀಮೆಗೆ ತಿರುಗಿಸುವ ಪ್ರಸ್ತಾವಗಳು ಬಂದಿವೆ. ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆಯೆಂಬುದು ಹಳೆಯ ವಾದ. ಗಜನಿಯ ಕಗ್ಗ ಭತ್ತವನ್ನೂ ಅಳಿವೆಯ ಬಳಚನ್ನೂ ನಂಬಿ ಬದುಕುವವರನ್ನು ಆ ವಾದ ಲೆಕ್ಕಕ್ಕೇ ಹಿಡಿಯುವುದಿಲ್ಲ. 1980ರ ದಶಕದಲ್ಲಿ ಬೇಡ್ತಿ ವಿದ್ಯುತ್ ಯೋಜನೆಯನ್ನು ಶಿರಸಿ ಸೀಮೆಯ ಕೃಷಿಕರು ಎದುರಿಸಿದ್ದು ಬರಿಯ ಘೋಷಣೆಯಿಂದಲ್ಲ. ತಜ್ಞರನ್ನು ಕೂರಿಸಿಕೊಂಡು ಲಾಭ-ನಷ್ಟಗಳನ್ನು ಎಣಿಸಿಯೇ ಅವರು ಮಾತನಾಡಿದ್ದರು.

ಇಂದಿನ ವಿದ್ಯಾರ್ಥಿಗಳ ಕೈಯಲ್ಲಿರುವ ಕ್ಯಾಮೆರಾ ಅಂಥ ಲೆಕ್ಕಕ್ಕೆ ಒದಗಬಲ್ಲದು. ಊರ ಹಳ್ಳದ ಸಂಕದ ಮೇಲೆ ನಿಂತು ತಿಂಗಳಿಗೊಮ್ಮೆ ಅದೇ ಬಂಡೆಯನ್ನು ಅದೇ ಕೋನದಿಂದ ತೆಗೆದ ಚಿತ್ರ, ಅದರ ಕೆಳಗೆ ತಾರೀಖು: ಇಷ್ಟು ಸಾಕು. ಹಳ್ಳ ಹಿಂದೆ ಯಾವ ಹಬ್ಬದವರೆಗೆ ಹರಿಯುತ್ತಿತ್ತೆಂದು ಹಿರಿಯರನ್ನು ಕೇಳಿ ಪಕ್ಕದಲ್ಲಿ ಬರೆದಿಟ್ಟರೆ ಇನ್ನೂ ಲೇಸು. ಹತ್ತು ವರ್ಷಗಳ ಇಂಥ ಚಿತ್ರಗಳನ್ನು ಮೇಜಿನ ಮೇಲಿಟ್ಟು ಮಾತನಾಡುವ ಹಳ್ಳಿಗರನ್ನು ಯಾವ ಅಧಿಕಾರಿಯೂ ಸುಲಭದಲ್ಲಿ ಸಾಗಹಾಕಲಾರ. ಮುಂದಿನ ನಡಿಗೆ ಮಾರ್ಚಿನಲ್ಲಾಗಲಿ, ಜಲಪಾತದ ಬುಡಕ್ಕಲ್ಲ, ತಲೆಯ ಮೇಲಿನ ಕಾನಿಗೆ. ಆಗ ಉಂಬಳದ ಕಾಟವೂ ಇರುವುದಿಲ್ಲ.