ಸೊಪ್ಪಿನ ಮೇಲೆ ಭಕ್ತಿ, ಮಾಣಿ ಮೇಲೆ ಸಿಟ್ಟು

ಮೊನ್ನೆ ತಿಥಿ ಊಟ ಮುಗಿಸಿ ಜಗುಲಿ ಮೇಲೆ ಎಲೆಅಡಿಕೆ ಹಾಕ್ತಾ ಕೂತಾಗ ಗಾಂಜಾದ ಮಾತು ಬಂತು. "ಸೇದೋ ಹುಡುಗ್ರಿಗೆ ಬೆನ್ನ ಮೇಲೆ ನಾಲ್ಕು ಬಿಟ್ರೆ ಸರಿಹೋಗ್ತಾರೆ" ಅಂದ್ರು ಚಿಕ್ಕಪ್ಪ. "ಹೋಗೋ ಮಾರಾಯ, ಅದೂ ಒಂದು ಗಿಡ ಅಲ್ವನಾ, ಶಿವನಿಗೇ ಪ್ರೀತಿ. ತಲೆಬಿಸಿಗೆ ಇಂಗ್ಲಿಷ್ ಗುಳಿಗೆ ನುಂಗೋದಕ್ಕಿಂತ ವಾಸಿ" ಅಂದ್ರು ದೊಡ್ಡಪ್ಪ. ಮೂಲೆಲಿ ಕೂತಿದ್ದ ನಮ್ಮನೆ ಮಾಣಿ ಎದ್ದು ಹಿತ್ತಿಲಿಗೆ ಹೋದ. ಅವನು ಸೇದ್ತಾನೆ. ರಾತ್ರಿ ಮೂರು ಗಂಟೆಗೆ ಎದೆ ಡವಡವ ಅಂತದೆ, ಕೈ ನಡುಗ್ತದೆ, ಅದ್ಕೇ ಸೇದ್ತಾನೆ. ಅವನನ್ನ ಕೇಳೇ ಇದನ್ನ ಬರೀತಿದೀನಿ.

ಮೊದ್ಲು ದೊಡ್ಡಪ್ಪಂಗೆ ಉತ್ತರ. ಗಿಡ ಅಂದ ಕೂಡ್ಲೇ ಮದ್ದು ಆಗಲ್ಲ. ನಮ್ಮ ತೋಟದ ಬದೀಲಿ ಕಾಸರಕನ ಮರವೂ ಇದೆ, ಅದರ ಬೀಜ ಯಾರೂ ಅಗಿಯಲ್ಲ. ಆಯುರ್ವೇದದಲ್ಲಿ ಈ ಗಿಡಕ್ಕೆ ವಿಜಯಾ ಅಂತ ಹೆಸರಿದೆ, ಜಾತೀಫಲಾದಿ ಚೂರ್ಣಕ್ಕೆ ಸೇರಿಸ್ತಾರೆ, ಒಪ್ಪಿದೆ. ಆದ್ರೆ ಶೋಧನೆ ಮಾಡಿ, ತೂಕ ಹಾಕಿ, ಬೇರೆ ಮದ್ದಿನ ಜೊತೆ ಕೊಡ್ತಾರೆ. ಯಾದಗಿರಿ ಜಿಲ್ಲೆ ತಿಂಥಣಿ ಮೌನೇಶ್ವರನ ಸನ್ನಿಧಿಲಿ ಪ್ರಸಾದ ಅಂತ ಕೊಡ್ತಾರೆ, ಅದೂ ನಿಜ. ಅದು ಜಾತ್ರೆ ದಿನದ ಮಾತು. ದಿನಾ ಹನ್ನೊಂದು ಗಂಟೆಗೆ ಕೊಟ್ಟಿಗೆ ಹಿಂದೆ ನಿಂತು ಒಬ್ಬನೇ ಎಳೆಯೋದಕ್ಕೆ ಶಿವನ ಹೆಸರು ಎಂತಕ್ಕೆ?

ಅದರಿಂದ ಸಮಾಧಾನ ಆಗೋದೇ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ. ಮಾಣಿಗೆ ಗೊತ್ತು ಆಗ್ತದೆ ಅಂತ, ನಾವು ಸುಳ್ಳು ಹೇಳಿದ್ರೆ ನಮ್ಮ ಬಾಕಿ ಮಾತೂ ಅವನು ನಂಬಲ್ಲ. ಆದ್ರೆ ಅಳತೆ ನೋಡಿ. ಅಮಲು ಕೊಡೋ ಅಂಶಕ್ಕೆ ಟಿಎಚ್‌ಸಿ ಅಂತಾರೆ. 2017ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಒಂದು ಪರೀಕ್ಷೆ ಮಾಡಿದ್ರು. 7.5 ಮಿಲಿಗ್ರಾಂ ತಗೊಂಡವರಿಗೆ ಒತ್ತಡ ಕಮ್ಮಿ ಆಯ್ತು, 12.5 ತಗೊಂಡವರಿಗೆ ಹೆಚ್ಚಾಯ್ತು. ಮಧ್ಯ ಇರೋದು ಬರೀ ಐದು ಮಿಲಿಗ್ರಾಂ. ಪೇಪರ್ ಪೊಟ್ಟಣದಲ್ಲಿ ಬರೋ ಮಾಲಲ್ಲಿ ಎಷ್ಟಿದೆ ಅಂತ ಕೊಟ್ಟವನಿಗೂ ಗೊತ್ತಿಲ್ಲ, ಸೇದಿದವನಿಗೂ ಗೊತ್ತಿಲ್ಲ. ದಿನಾ ಸೇದಿ ಒಂದಿನ ಬಿಟ್ರೆ ನಿದ್ದೆ ಬರಲ್ಲ, ಸಿಟ್ಟು ಬರ್ತದೆ, ಎದೆ ಮತ್ತೆ ಹೊಡ್ಕೊಳ್ತದೆ. ಮಾಣಿ ಅದನ್ನ 'ಹಳೇ ಕಾಯಿಲೆ ವಾಪಸ್ ಬಂತು' ಅಂದ್ಕೊಂಡು ಮತ್ತೆ ಸೇದ್ತಾನೆ. ಎಷ್ಟೋ ಸಲ ಅದು ಬಿಟ್ಟದ್ದರದೇ ಕಾಟ, ವಾರ ಎರಡು ವಾರದಲ್ಲಿ ಇಳಿಯುವಂಥದ್ದು. ಇಷ್ಟು ಅವನಿಗೆ ಹೇಳೋರು ಮನೇಲಿ ಯಾರಿದ್ರು?

ಇನ್ನು ಚಿಕ್ಕಪ್ಪ. ಬೆನ್ನಿಗೆ ಬಿಟ್ರೆ ಹೆದರಿಕೆ ಹೋಗ್ತದಾ? ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಯಾವ ಮನೇಲಿ ಈಗ ಹೆದರಿಕೆ ಇಲ್ಲ ಹೇಳಿ. ಹಳದಿ ಎಲೆ ರೋಗ ತೋಟ ತಿಂತಾನೇ ಇತ್ತು, ಮೇಲಿಂದ ಎಲೆಚುಕ್ಕಿ ಬಂತು. ಬೋರ್ಡೋ ಹೊಡೆಸೋಕೆ ಆಳಿಲ್ಲ, ಸಾಲದ ಕಂತು ನಿಲ್ಲಲ್ಲ. ಓದಿದ ಹುಡುಗ ತೋಟಕ್ಕೆ ವಾಪಸ್ ಬಂದ್ರೆ "ಬೆಂಗ್ಳೂರಲ್ಲಿ ಎಂತಾಯ್ತು?" ಅಂತ ಕೇಳದವರಿಲ್ಲ. ಇದಕ್ಕೆಲ್ಲ ನಾವು ಇಟ್ಟ ಹೆಸರು 'ತಲೆಬಿಸಿ'. ಜ್ವರ ಬಂದ್ರೆ ಡಾಕ್ಟ್ರು, ತಲೆಬಿಸಿಗೆ ಬೈಗುಳ. ಇಷ್ಟಕ್ಕೂ ಬಾಯಲ್ಲಿ ಹೊಗೆಸೊಪ್ಪು ಇಟ್ಕೊಂಡು, ಸಂಜೆ ಕ್ವಾರ್ಟರ್ ಇಳಿಸೋರು ಚಟದ ಬಗ್ಗೆ ಭಾಷಣ ಮಾಡಿದ್ರೆ ಮಾಣಿ ಕೇಳ್ತಾನಾ?

ಪೊಲೀಸಿನ ಹೆದರಿಕೆ ಸುಮ್ಮನೆ ಅಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಅಂದ್ರೆ ಹೂವಿನ ತುದಿ. ಬರೀ ಎಲೆ ಅದರಲ್ಲಿ ಬರಲ್ಲ ಅಂತ ವಾದ ಮಾಡ್ಬಹುದು, ಆದ್ರೆ ಹಿತ್ತಿಲಲ್ಲಿ ಒಂದು ಗಿಡ ಬೆಳೆಸಿದ್ರೂ ಹತ್ತು ವರ್ಷದವರೆಗೆ ಶಿಕ್ಷೆ ಆಗ್ಬಹುದು. ಅದೇ ಕಾಯ್ದೆಲಿ 64ಎ ಅಂತ ಒಂದು ಕಲಮೂ ಇದೆ. ಸೇದಿದ್ದಕ್ಕೋ ಸಣ್ಣ ಪ್ರಮಾಣ ಇಟ್ಕೊಂಡಿದ್ದಕ್ಕೋ ಕೇಸಾದ ವ್ಯಸನಿ ತಾನಾಗೇ ಮಾನ್ಯತೆ ಇರೋ ಕಡೆ ಚಿಕಿತ್ಸೆಗೆ ಹೋದ್ರೆ ವಿನಾಯ್ತಿ ಸಿಗ್ತದೆ. ಕಾಯ್ದೆಯೇ ಚಿಕಿತ್ಸೆಗೆ ಬಾಗಿಲು ತೆಗೆದಿಟ್ಟಿದೆ, ನಾವು ಜಗುಲಿಲಿ ಕೂತು ಮುಚ್ತಿದೀವಿ.

14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರಿಂದ ಇದೆ, ದುಡ್ಡು ಕೊಡೋದು ಬೇಡ, ಕನ್ನಡದಲ್ಲೇ ಮಾತಾಡ್ತಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ಏರ್ಪಾಡಿದೆ, ನಮ್ಮಲ್ಲಿಗೆ ಯಾವ ವಾರ ಅಂತ ವಿಚಾರಿಸಿ. ಪೇಟೆಲಿ ಯಾರಾದ್ರೂ ನೋಡ್ತಾರೆ ಅಂತ ನಾಚಿಕೆನಾ? ಅಡಿಕೆ ಮಂಡಿಗೆ ಹೋಗೋ ದಿನವೇ ಹೋಗಿ ಬನ್ನಿ.

ಆವತ್ತು ನಾನೂ ಜಗುಲಿಲಿ ಸುಮ್ಮನೇ ಕೂತಿದ್ದೆ. ರಾತ್ರಿ ಕಾಫಿ ಹಿಡ್ಕೊಂಡು ಹಿತ್ತಿಲಿಗೆ ಹೋಗಿ "ಎಂತ ಆಗ್ತದೆ ಮಾರಾಯ ನಿಂಗೆ?" ಅಂತ ಕೇಳಿದೆ. ಒಂದು ಗಂಟೆ ಮಾತಾಡಿದ. ಎರಡು ವರ್ಷದಿಂದ ಯಾರೂ ಹಂಗೆ ಕೇಳಿರಲಿಲ್ಲವಂತೆ. ಬರೋ ಮಂಗಳವಾರ ನಾನೇ ಜೊತೆಗೆ ಹೋಗ್ತಿದೀನಿ. ಚಿಕ್ಕಪ್ಪ ಸಿಟ್ಟಾದ್ರೆ ಆಗ್ಲಿ.