ಗರ್ಭ ನಿಲ್ಲದಿದ್ದರೆ ತಪ್ಪು ಯಾರದು?

ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ ನಮ್ಮ ಅಡಿಗೆಭಟ್ಟರೊಬ್ಬರು ಎರಡು ದಿನದ ರಜೆ ಬೇಡಿ ಬಂದರು. ಹೆಂಡತಿಗೆ ಮೂರನೆಯ ಸಲ ಗರ್ಭಸ್ರಾವವಾಗಿತ್ತು. ಗಂಡನೂ ಬರಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. “ಅದು ಹೆಂಗಸರ ವಿಷಯ, ನೀವು ಹೋಗಿ ಮಾಡುವುದೇನು?” ಎಂದು ಕೇಳಿ ನಾವು ರಜೆ ಕೊಡಲಿಲ್ಲ. ಆ ಪ್ರಶ್ನೆಯಲ್ಲಿದ್ದ ಅಜ್ಞಾನ ನಮಗೆ ತಿಳಿಯಲು ವರ್ಷಗಳೇ ಹಿಡಿದುವು.

ಗರ್ಭ ನಿಲ್ಲದಿದ್ದರೆ ನಮ್ಮವರಲ್ಲಿ ದೋಷವೆಲ್ಲ ಹೆಂಡತಿಯ ತಲೆಗೇ. ಕೊಡ ಎತ್ತಿದಳು, ಚಾಳಿನ ಮೆಟ್ಟಿಲು ಹತ್ತಿಳಿದಳು, ಅವಳ ಕಾಲ್ಗುಣವೇ ಹಾಗೆ ಎಂದು ಊರಿನಿಂದ ಮಾತು ಬರುತ್ತದೆ. ಎರಡನೆಯ ಮದುವೆಯ ಪ್ರಸ್ತಾಪವೂ ಏಳುವುದುಂಟು. ಆಶ್ಲೇಷಾ ಬಲಿ ಮಾಡಿಸುವವರನ್ನು ನಾವು ತಡೆಯುವುದಿಲ್ಲ. ಆದರೆ ಕುಕ್ಕೆಗೆ ಹೋಗಿಬಂದೆವೆಂದು ಆಸ್ಪತ್ರೆಯನ್ನು ಬಿಡಬಾರದು.

ವೈದ್ಯಶಾಸ್ತ್ರ ಹೇಳುವುದು ಬೇರೆಯೇ. ಖಚಿತಪಟ್ಟ ಗರ್ಭಗಳಲ್ಲಿ ನೂರಕ್ಕೆ ಸುಮಾರು 15 ಇಳಿದುಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹೋಗುವವುಗಳಲ್ಲಿ ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಇದರಲ್ಲಿ ಮೆಟ್ಟಿಲಿನ ಪಾಪವೇನೂ ಇಲ್ಲ.

ಎರಡು ಸಲ ಹೀಗಾದರೆ ಪರೀಕ್ಷೆಗೆ ಹೋಗಬೇಕು, ಮೂರನೆಯದಕ್ಕೆ ಕಾಯಬೇಕಿಲ್ಲ. ಥೈರಾಯ್ಡ್, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಗರ್ಭಕೋಶದೊಳಗಿನ ಅಡ್ಡಪೊರೆ ಇವೆಲ್ಲ ನೋಡತಕ್ಕವು. ಗಂಡಹೆಂಡಿರಲ್ಲಿ ಒಬ್ಬರ ವರ್ಣತಂತುವಿನ ತುಣುಕೊಂದು ಸ್ಥಳ ಬದಲಿಸಿ ಕುಳಿತಿರಲೂಬಹುದು. ಅಂಥವರು ದೃಢಕಾಯರಾಗಿಯೇ ಇರುತ್ತಾರೆ. ಗರ್ಭ ಮಾತ್ರ ಮತ್ತೆ ಮತ್ತೆ ಇಳಿಯುತ್ತದೆ. ಗಂಡನ ರಕ್ತ ತೆಗೆಯದೆ ಇದು ಗೊತ್ತಾಗುವುದೆಂತು?

ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾರಣವೂ ಒಂದುಂಟು. ಕೆಲವರ ರಕ್ತದಲ್ಲಿ ತಮ್ಮ ದೇಹಕ್ಕೇ ವಿರುದ್ಧವಾದ ವಸ್ತುಗಳು ಹುಟ್ಟಿ, ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಮಾಸು ಸರಿಯಾಗಿ ಬೆಳೆಯುವುದಿಲ್ಲ. 1983ರಲ್ಲಿ ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ ಈ ರೋಗವನ್ನು ವಿವರಿಸಿದರು. ರಕ್ತಪರೀಕ್ಷೆಯನ್ನು 12 ವಾರ ಬಿಟ್ಟು ಇನ್ನೊಮ್ಮೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಇಂಥ 90 ಮಂದಿ ಗರ್ಭಿಣಿಯರ ಮೇಲೆ ಲಂಡನ್ನಿನಲ್ಲಿ ನಡೆದ ಪ್ರಯೋಗವೊಂದರ ಫಲ 1997ರಲ್ಲಿ ಪ್ರಕಟವಾಯಿತು. ಅಲ್ಪ ಪ್ರಮಾಣದ ಆಸ್ಪಿರಿನ್ ಮಾತ್ರ ಪಡೆದ 45 ಮಂದಿಯಲ್ಲಿ 19 ಮಂದಿಗೆ ಜೀವಂತ ಮಗು ಹುಟ್ಟಿತು. ಜೊತೆಗೆ ಹೆಪಾರಿನ್ ಚುಚ್ಚುಮದ್ದನ್ನೂ ಪಡೆದ 45 ಮಂದಿಯಲ್ಲಿ 32 ಮಂದಿಗೆ. ಆದರೆ ಇವು ಔಷಧದಂಗಡಿಯಲ್ಲಿ ಕೇಳಿ ತಾವೇ ತೆಗೆದುಕೊಳ್ಳುವ ಮದ್ದುಗಳಲ್ಲ.

ಎಷ್ಟು ಹುಡುಕಿದರೂ ಅರ್ಧದಷ್ಟು ದಂಪತಿಗಳಲ್ಲಿ ಕಾರಣ ಸಿಕ್ಕುವುದಿಲ್ಲ. ಅವರಲ್ಲಿಯೂ ಹೆಚ್ಚಿನವರಿಗೆ ಮುಂದೆ ಮಗುವಾಗುತ್ತದೆಂಬುದು ಸಮಾಧಾನದ ಸಂಗತಿ. ಆದರೆ ಸಾಲ ಮಾಡಿಸಿ ಆಸೆ ಮಾರುವವರ ಕೈಗೆ ಸಿಕ್ಕುವವರೂ ಇವರೇ. ಗಂಡನ ರಕ್ತದ ಬಿಳಿಕಣಗಳನ್ನು ಹೆಂಡತಿಗೆ ಚುಚ್ಚುವ ಚಿಕಿತ್ಸೆಯೊಂದಿದೆ. ಅದರಿಂದ ಪ್ರಯೋಜನವುಂಟೆಂದು ಸಿದ್ಧವಾಗಿಲ್ಲ. ಮುಂಬಯಿಯ ವಾಚಕರು ಅದಕ್ಕೆ ಹಣ ಸುರಿಯುವ ಮೊದಲು ಪರೇಲಿನ ಕೆ.ಇ.ಎಂ. ಅಥವಾ ವಾಡಿಯಾ ಹೆರಿಗೆ ಆಸ್ಪತ್ರೆಯಲ್ಲಿ ವಿಚಾರಿಸಲಿ.

ಇನ್ನು ನಮ್ಮ ಮಾಲಿಕ ಬಂಧುಗಳಲ್ಲಿ ಒಂದು ಮಾತು. ಗರ್ಭಪಾತವಾದ ಉದ್ಯೋಗಸ್ಥೆಗೆ ಸಂಬಳ ಸಹಿತ ಆರು ವಾರದ ರಜೆಯನ್ನು 1961ರ ಹೆರಿಗೆ ಸೌಲಭ್ಯ ಕಾಯಿದೆಯೇ ವಿಧಿಸಿತು. ಗಂಡನಿಗೆ ಅದರಲ್ಲಿ ಒಂದು ದಿನವೂ ಇರಲಿಲ್ಲ. ಕಾಯಿದೆ ಕೊಡದಿದ್ದರೇನು, ಎರಡು ದಿನ ಭಟ್ಟರಿಲ್ಲದೆ ಹೋಟೆಲು ಮುಚ್ಚಿಹೋಗದು. ಮಾಣಿಗೂ ಗುಮಾಸ್ತನಿಗೂ ಸಂಬಳ ಕಡಿಯದೆ ಆ ರಜೆ ಸಿಗಲಿ.

ನಮ್ಮ ಆ ಭಟ್ಟರು ಅದೇ ತಿಂಗಳು ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರಿಗೆ ಹೋದರು. ಅವರ ಮನೆಯವರು ಹೇಗಿದ್ದಾರೆಂದು ಅಂದು ನಾವು ಕೇಳಲೂ ಇಲ್ಲ.